ಸಹಿಯ ಪಕ್ಕದಲ್ಲೊಂದು ನಕ್ಷತ್ರ: ಜೂಡಿತ್ ಲೈಸ್ಟರ್ ಹೆಸರು ಕಳೆದದ್ದು ಹೇಗೆ, ಸಿಕ್ಕಿದ್ದು ಹೇಗೆ

1893ರ ಮೇ ತಿಂಗಳಲ್ಲಿ ಲಂಡನ್ನಿನ ಕೋರ್ಟಿಗೆ ಒಂದು ಚಿತ್ರದ ಜಗಳ ಬಂತು. ಚಿತ್ರದಲ್ಲಿ ಒಬ್ಬ ಗಂಡಸು ಪಿಟೀಲು ಬಾರಿಸುತ್ತಿದ್ದಾನೆ. ಪಕ್ಕದಲ್ಲಿ ಕೂತ ಹೆಂಗಸು ವೈನ್ ಲೋಟ ಎತ್ತಿ ಹಿಡಿದಿದ್ದಾಳೆ. ಇಬ್ಬರಿಗೂ ಖುಷಿ ಏರಿದೆ. ಒಬ್ಬ ವ್ಯಾಪಾರಿ ಇದನ್ನು ಇನ್ನೊಂದು ಕಂಪನಿಗೆ 4,500 ಪೌಂಡಿಗೆ ಮಾರಿದ್ದ. ಆ ಕಾಲಕ್ಕೆ ಅದು ಭಾರೀ ದುಡ್ಡು. ಇದು ಡಚ್ ಕಲಾವಿದ ಫ್ರಾನ್ಸ್ ಹಾಲ್ಸ್ ಬರೆದದ್ದು, ಅದರಲ್ಲೂ ಅವನ ಅತಿ ಒಳ್ಳೆಯ ಚಿತ್ರಗಳಲ್ಲಿ ಒಂದು ಅಂತ ಭರವಸೆ ಕೊಟ್ಟಿದ್ದ. ಸಹಿಯೂ ಇತ್ತು. ಆದರೆ ಯಾರೋ ಕಣ್ಣಿಟ್ಟು ನೋಡಿದಾಗ ಆ ಸಹಿಯ ಕೆಳಗೆ ಬೇರೆಯದೇ ಒಂದು ಗುರುತು ಕಂಡಿತು.

ಕೊಂಡವರು ದುಡ್ಡು ವಾಪಸ್ ಕೇಳಿದರು. ವ್ಯಾಪಾರಿ ಒಪ್ಪಲಿಲ್ಲ. ಕೊನೆಗೆ ಬೆಲೆ ಇಳಿಸಿ, ಚಿತ್ರ ಕೊಂಡವರ ಹತ್ತಿರವೇ ಇರಲಿ ಅಂತ ರಾಜಿ ಆಯಿತು. ನನಗೆ ವಿಚಿತ್ರ ಅನಿಸುವುದು ಇಷ್ಟೇ. ಇಡೀ ಕೇಸು ನಡೆದದ್ದು ಇದು ಹಾಲ್ಸ್ ಅಲ್ಲದಿದ್ದರೆ ಎಷ್ಟು ಕಡಿಮೆ ಬೆಲೆ ಅನ್ನುವ ಲೆಕ್ಕದ ಮೇಲೆ. ಹಾಗಾದರೆ ಇದು ಯಾರದ್ದು ಅಂತ ಆ ಕೋರ್ಟಿನಲ್ಲಿ ಯಾರಿಗೂ ಬೇಕಿರಲಿಲ್ಲ.

ಅದು ಜೂಡಿತ್ ಲೈಸ್ಟರ್ ಎಂಬ ಹೆಣ್ಣುಮಗಳು 1630ರಲ್ಲಿ ಬರೆದ ಚಿತ್ರ. ಆಗ ಅವಳಿಗೆ ಇಪ್ಪತ್ತು, ಇಪ್ಪತ್ತೊಂದು. ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ಕೆಳಗಿದ್ದ ಆ ಗುರುತು ಏನು ಅಂದರೆ, ಜೆ ಮತ್ತು ಎಲ್ ಅಕ್ಷರಗಳನ್ನು ಒಂದಕ್ಕೊಂದು ಹೆಣೆದು, ಪಕ್ಕಕ್ಕೆ ಒಂದು ಪುಟ್ಟ ನಕ್ಷತ್ರ. ಪೂರ್ತಿ ಹೆಸರು ಬರೆಯುವ ಬದಲು ಹೀಗೆ ಅಕ್ಷರ ಹೆಣೆದು ಹಾಕುವುದು ಆಗಿನ ಕಲಾವಿದರಲ್ಲಿ ಮಾಮೂಲು. ನಮ್ಮ ವಚನಗಳ ಅಂಕಿತ ಇದ್ದ ಹಾಗೆ ಅಂದುಕೊಳ್ಳಿ. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂತ ಬಂದರೆ ಅಕ್ಕ. ಆದರೆ ಅಂಕಿತ ಯಾರದ್ದು ಅಂತ ಜನಕ್ಕೆ ನೆನಪಿರುವವರೆಗೆ ಮಾತ್ರ ಅದು ಕೆಲಸ ಮಾಡುತ್ತದೆ, ಅಲ್ವಾ? ಲೈಸ್ಟರ್ ವಿಷಯದಲ್ಲಿ ಎಡವಟ್ಟಾದದ್ದು ಅಲ್ಲೇ.

ನಕ್ಷತ್ರದ ಕತೆ ಮೊದಲು ಹೇಳಿಬಿಡುತ್ತೇನೆ. ಅವಳು ಹುಟ್ಟಿದ್ದು ಹಾಲೆಂಡಿನ ಹಾರ್ಲೆಮ್ ಊರಿನಲ್ಲಿ, 1609ರಲ್ಲಿ. ಒಂಬತ್ತು ಮಕ್ಕಳಲ್ಲಿ ಎಂಟನೆಯವಳು. ಅಪ್ಪ ಯಾನ್ ವಿಲ್ಲೆಮ್ಸ್ ಬಟ್ಟೆಯ ಕಸುಬಿನವನು, ಆಮೇಲೆ ಬಿಯರ್ ಭಟ್ಟಿಯೊಂದನ್ನು ಕೊಂಡ. ಆ ಭಟ್ಟಿಯ ಹೆಸರು ಲೈಸ್ಟರ್. ದಾರಿ ತೋರುವ ನಕ್ಷತ್ರ ಅಂತ ಅರ್ಥ, ಹಡಗಿನವರು ರಾತ್ರಿ ದಿಕ್ಕಿಗಾಗಿ ನೋಡುತ್ತಿದ್ದ ಧ್ರುವ ನಕ್ಷತ್ರ. ಭಟ್ಟಿಯ ಹೆಸರೇ ಮನೆತನದ ಹೆಸರಾಯಿತು. ಮಗಳು ಅದನ್ನು ತನ್ನ ಸಹಿಗೆ ತಂದಳು. ಭಟ್ಟಿ ಮಾತ್ರ ಉಳಿಯಲಿಲ್ಲ. 1620ರ ದಶಕದ ಮಧ್ಯದಲ್ಲಿ ಅಪ್ಪ ದಿವಾಳಿ ಎದ್ದ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಆ ಕಾಲದ ಯುರೋಪಿನಲ್ಲಿ ಹೆಸರು ಮಾಡಿದ ಹೆಣ್ಣು ಕಲಾವಿದರನ್ನು ನೋಡಿ: ಇಟಲಿಯ ಆರ್ಟೆಮಿಸಿಯಾ ಜೆಂಟಿಲೆಸ್ಕಿ, ಎಲಿಸಬೆಟ್ಟಾ ಸಿರಾನಿ. ಇಬ್ಬರ ಅಪ್ಪಂದಿರೂ ಕಲಾವಿದರು. ಮನೆಯೇ ಶಾಲೆ. ಹೊರಗಿನ ಗುರುವಿನ ಮನೆಯಲ್ಲಿದ್ದು ವರ್ಷಗಟ್ಟಲೆ ಕಲಿಯುವುದು ಗಂಡುಮಕ್ಕಳ ದಾರಿ, ಹೆಣ್ಣುಮಕ್ಕಳಿಗೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಲೈಸ್ಟರ್ ಮನೆಯಲ್ಲಿ ಬಣ್ಣ ಮುಟ್ಟಿದವರೇ ಇರಲಿಲ್ಲ. ಆದರೂ 1628ರಲ್ಲಿ ಆಂಪ್ಸಿಂಗ್ ಎಂಬ ಪಾದ್ರಿ ಹಾರ್ಲೆಮ್ ಊರನ್ನು ಹೊಗಳಿ ಬರೆದ ಪದ್ಯದ ಪುಸ್ತಕದಲ್ಲಿ, ಊರಿನ ಕಲಾವಿದರ ಜೊತೆ ಇವಳ ಹೆಸರನ್ನೂ ಹಾಕಿದ್ದಾನೆ. ಹತ್ತೊಂಬತ್ತರ ಹುಡುಗಿ. ಮನೆಯಲ್ಲಿ ದುಡ್ಡಿನ ಮುಗ್ಗಟ್ಟು ಬಂದಾಗ ಅವಳು ಇದನ್ನೇ ದುಡಿಮೆ ಮಾಡಿಕೊಂಡಿರಬೇಕು ಅನ್ನುವುದು ಹಲವರ ಊಹೆ. ನನಗೂ ಅದೇ ಸರಿ ಅನಿಸುತ್ತದೆ.

ಈಗ ಗಿಲ್ಡ್ ಅಂದರೇನು ಅಂತ ಹೇಳದೆ ಮುಂದೆ ಹೋಗುವಂತಿಲ್ಲ. ಗಿಲ್ಡ್ ಅಂದರೆ ಒಂದು ಕಸುಬಿನವರ ಸಂಘ. ಕಲಾವಿದರದ್ದು ಸಂತ ಲೂಕನ ಹೆಸರಿನ ಗಿಲ್ಡ್. ಲೂಕ ಮೇರಿಯ ಚಿತ್ರ ಬರೆದಿದ್ದ ಅಂತ ನಂಬಿಕೆ, ಹಾಗಾಗಿ ಅವನು ಕಲಾವಿದರ ಪಾಲಿನ ಸಂತ. ಹೆಸರು ಭಕ್ತಿಯದ್ದು, ಕೆಲಸ ಪಕ್ಕಾ ವ್ಯವಹಾರದ್ದು. ಊರಲ್ಲಿ ಸ್ವಂತ ಚಿತ್ರಶಾಲೆ ಇಡಬೇಕಾ, ಶಿಷ್ಯರನ್ನು ತೆಗೆದುಕೊಂಡು ಫೀಸು ವಸೂಲಿ ಮಾಡಬೇಕಾ, ನಿಮ್ಮ ಹೆಸರಲ್ಲಿ ಚಿತ್ರ ಮಾರಬೇಕಾ, ಗಿಲ್ಡಿನ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು. ಇಲ್ಲದಿದ್ದರೆ ಇನ್ನೊಬ್ಬರ ಕೈಕೆಳಗೆ ಕೆಲಸ.

1633ರಲ್ಲಿ ಲೈಸ್ಟರ್ ಹೆಸರು ಆ ಪಟ್ಟಿಗೆ ಸೇರಿತು. ಅವಳೇ ಮೊದಲ ಹೆಂಗಸು ಅಂತ ತುಂಬಾ ಕಡೆ ಬರೆಯುತ್ತಾರೆ, ಆದರೆ 1631ರಲ್ಲೇ ಸಾರಾ ಫಾನ್ ಬಾಲ್‌ಬೆರ್ಗೆನ್ ಅನ್ನುವವಳು ಸೇರಿದ್ದಳು. ಆ ಸಾರಾಳದ್ದು ಅಂತ ಖಚಿತವಾಗಿ ತೋರಿಸಬಹುದಾದ ಒಂದೇ ಒಂದು ಚಿತ್ರವೂ ಇವತ್ತು ಇಲ್ಲ. ಪಟ್ಟಿಯಲ್ಲೊಂದು ಹೆಸರು, ಅಷ್ಟೇ.

ಲೈಸ್ಟರ್ ಎಂಥವಳು ಅಂತ ತಿಳಿಯಲು ನನಗೆ ಅವಳ ಚಿತ್ರಗಳಷ್ಟೇ ಸಹಾಯ ಮಾಡಿದ್ದು 1635ರ ಒಂದು ಜಗಳ. ಆಗ ಅವಳ ಹತ್ತಿರ ಮೂವರು ಹುಡುಗರು ಶಿಷ್ಯರಾಗಿದ್ದರು. ಅವರಲ್ಲೊಬ್ಬ ಕೆಲವೇ ದಿನ ಇದ್ದು, ಗಿಲ್ಡಿನ ಅಪ್ಪಣೆಯಿಲ್ಲದೆ ಸೀದಾ ಫ್ರಾನ್ಸ್ ಹಾಲ್ಸ್ ಚಿತ್ರಶಾಲೆಗೆ ಹೋಗಿ ಸೇರಿಕೊಂಡ. ಹಾಲ್ಸ್ ಅಂದರೆ ಊರಿಗೇ ದೊಡ್ಡವನು, ವಯಸ್ಸಲ್ಲಿ ಇವಳ ಅಪ್ಪನ ಸಮಾನ. ಇನ್ನೊಬ್ಬರಾಗಿದ್ದರೆ ಹೋಗಲಿ ಬಿಡು ಅನ್ನುತ್ತಿದ್ದರೇನೋ. ಇವಳು ಗಿಲ್ಡಿಗೆ ದೂರು ಕೊಟ್ಟಳು. ಹುಡುಗನ ತಾಯಿಯಿಂದ ಎಂಟು ಗಿಲ್ಡರ್ (ಆಗಿನ ಡಚ್ ನಾಣ್ಯ) ಕೇಳಿದಳು, ನಾಲ್ಕು ಸಿಕ್ಕಿತು. ಹಾಲ್ಸ್‌ಗೆ ಮೂರು ಗಿಲ್ಡರ್ ದಂಡ ಬಿತ್ತು. ಹುಡುಗನನ್ನು ವಾಪಸ್ ಕಳಿಸುವುದಕ್ಕಿಂತ ದಂಡ ಕಟ್ಟುವುದೇ ಮೇಲು ಅಂತ ಅವನು ಕಟ್ಟಿದ. ಆ ಹುಡುಗನನ್ನು ಗಿಲ್ಡಿನಲ್ಲಿ ನೋಂದಾಯಿಸಿರಲಿಲ್ಲ ಅಂತ ಇವಳಿಗೂ ದಂಡ! ಒಟ್ಟಿನಲ್ಲಿ ಯಾರಿಗೂ ಪೂರ್ತಿ ನ್ಯಾಯ ಸಿಗದ, ಎಲ್ಲರ ಜೇಬಿಗೂ ಸ್ವಲ್ಪ ಕತ್ತರಿ ಬಿದ್ದ, ನಮ್ಮೂರಿನ ಪಂಚಾಯ್ತಿ ತೀರ್ಮಾನದಂಥ ತೀರ್ಮಾನ.

ಈ ಹಾಲ್ಸ್ ಹೆಸರು ಅವಳನ್ನು ಬಿಡುವುದೇ ಇಲ್ಲ, ನೋಡಿ. ಅವಳು ಹಾಲ್ಸ್ ಶಿಷ್ಯೆ ಅಂತ ಸುಮ್ನೆ ಬರೆದುಬಿಡುತ್ತಾರೆ. ಹಾಗೆ ಹೇಳುವ ದಾಖಲೆ ಯಾವುದೂ ಇಲ್ಲ. ಅವನ ಚಿತ್ರಗಳನ್ನು ಅವಳು ಹತ್ತಿರದಿಂದ ಬಲ್ಲಳು ಅನ್ನುವುದು ಮಾತ್ರ ಚಿತ್ರಗಳಲ್ಲೇ ಕಾಣುತ್ತದೆ. ನಗುವ ಕುಡುಕರು, ವಾದ್ಯ ಬಾರಿಸುವವರು, ಬಣ್ಣ ಒಣಗುವ ಮೊದಲೇ ಅದರ ಮೇಲೆ ಇನ್ನೊಂದು ಬಣ್ಣ ಎಳೆದು ಚುರುಕಾಗಿ ಮುಗಿಸುವ ರೀತಿ, ಇವೆಲ್ಲ ಇಬ್ಬರಲ್ಲೂ ಇವೆ. ವ್ಯತ್ಯಾಸವೂ ಇದೆ. ಹಾಲ್ಸ್ ಬ್ರಷ್ಷಿನ ಗೆರೆಗಳನ್ನು ಹಾಗೇ ಬಿಡುತ್ತಾನೆ, ಹತ್ತಿರ ಹೋದರೆ ಬರೀ ಗೀಚಿದಂತೆ ಕಾಣುತ್ತದೆ. ಲೈಸ್ಟರ್ ಮುಖದ ಮೇಲೆ ಬೆಳಕಿನಿಂದ ನೆರಳಿಗೆ ಮೆಲ್ಲಗೆ ಇಳಿಯುತ್ತಾಳೆ. ಇನ್ನೊಂದು, ಹಾಲ್ಸ್‌ನದ್ದು ಹೆಚ್ಚಾಗಿ ಹಗಲು. ಇವಳಿಗೆ ರಾತ್ರಿ ಇಷ್ಟ, ಒಂದೇ ದೀಪ, ಸುತ್ತ ಕತ್ತಲು. ಬರೋಕ್ ಅಂತ ಕರೆಯುವ ಕಾಲದ ದೊಡ್ಡ ಹುಚ್ಚೇ ಅದು. ಇಟಲಿಯಲ್ಲಿ ಕಾರವಾಜ್ಜೋ ಎಂಬ ಕಲಾವಿದ ಶುರು ಮಾಡಿದ ಕತ್ತಲು ಬೆಳಕಿನ ಆಟವನ್ನು ಹಾಲೆಂಡಿನ ಯುಟ್ರೆಕ್ಟ್ ಊರಿನ ಕಲಾವಿದರು ರೋಮಿನಿಂದ ಹೊತ್ತು ತಂದಿದ್ದರು. ಲೈಸ್ಟರ್ ಮನೆಯವರು ಸ್ವಲ್ಪ ಕಾಲ ಅದೇ ಯುಟ್ರೆಕ್ಟ್ ಸೀಮೆಯಲ್ಲಿ ಇದ್ದರು.

ಬರೋಕ್ ಅಂದರೆ ತಲೆಗೆ ಬರುವುದು ರೋಮಿನ ಭಾರೀ ಚರ್ಚುಗಳು, ಮೋಡದ ಮೇಲೆ ತೇಲುವ ದೇವದೂತರು. ಹಾಲೆಂಡಿನಲ್ಲಿ ಅದಕ್ಕೆ ಗಿರಾಕಿಯೇ ಇರಲಿಲ್ಲ. ಅಲ್ಲಿನ ಪ್ರೊಟೆಸ್ಟೆಂಟರು ಚರ್ಚಿನ ಗೋಡೆಗಳನ್ನು ಖಾಲಿ ಮಾಡಿದ್ದರು. ಚಿತ್ರ ಕೊಳ್ಳುತ್ತಿದ್ದವರು ವ್ಯಾಪಾರಿಗಳು, ಭಟ್ಟಿಯವರು, ಅಂಗಡಿಯವರು, ತಮ್ಮ ಮನೆಯ ಗೋಡೆಗೆ. ಹಾಗಾಗಿ ಚಿತ್ರಗಳೂ ಚಿಕ್ಕವು, ವಿಷಯವೂ ಮನೆಯದ್ದೇ ಬೀದಿಯದ್ದೇ. ಹೆಂಗಸರಿಗೆ ಬೆತ್ತಲೆ ಮೈ ನೋಡಿ ಬರೆಯುವ ಅಭ್ಯಾಸಕ್ಕೆ ಅವಕಾಶ ಇರಲಿಲ್ಲ, ಅದಿಲ್ಲದೆ ದೊಡ್ಡ ಪುರಾಣದ ಚಿತ್ರ ಬರೆಯುವುದು ಕಷ್ಟ. ಹಾಲೆಂಡಿನ ಈ ಮಾರುಕಟ್ಟೆಯಲ್ಲಿ ಆ ಕೊರತೆ ಅಷ್ಟಾಗಿ ಕಾಡುತ್ತಿರಲಿಲ್ಲ.

ಅವಳ ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. 1631ರದ್ದು, ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಮರದ ಹಲಗೆಯ ಮೇಲೆ ಬರೆದದ್ದು, ಒಂದು ಎ4 ಹಾಳೆಗಿಂತ ತುಸುವೇ ದೊಡ್ಡದು. ರಾತ್ರಿ. ಮೇಜಿನ ಮೇಲೊಂದು ದೀಪ. ಬಿಳಿ ರವಿಕೆಯ ಹೆಂಗಸು ತಲೆ ತಗ್ಗಿಸಿ ಬಟ್ಟೆ ಹೊಲಿಯುತ್ತಿದ್ದಾಳೆ, ಕಾಲ ಕೆಳಗೆ ಕೆಂಡ ಇಡುವ ಚಿಕ್ಕ ಪೆಟ್ಟಿಗೆ, ಚಳಿ ದೇಶದಲ್ಲಿ ಪಾದ ಬೆಚ್ಚಗಿಡಲು. ಪಕ್ಕದಲ್ಲಿ ತುಪ್ಪಳದ ಟೋಪಿಯ ಗಂಡಸು ಬಾಗಿ ನಿಂತಿದ್ದಾನೆ. ಒಂದು ಕೈ ಅವಳ ಭುಜದ ಮೇಲೆ. ಇನ್ನೊಂದು ಕೈ ಅವಳ ಮುಂದೆ ಚಾಚಿದೆ, ಅಂಗೈ ತುಂಬಾ ನಾಣ್ಯ. ಅವನ ನೆರಳು ಹಿಂದೆ ಗೋಡೆಯ ಮೇಲೆ ಅವನಿಗಿಂತ ದೊಡ್ಡದಾಗಿ ಬಿದ್ದಿದೆ. ಅವಳು ಕತ್ತೆತ್ತಿಲ್ಲ. ಸೂಜಿಯ ಮೇಲಿಂದ ಕಣ್ಣು ತೆಗೆದಿಲ್ಲ.

ದುಡ್ಡು ತೋರಿಸಿ ಹೆಣ್ಣನ್ನು ಕರೆಯುವ ಚಿತ್ರಗಳು ಆಗ ಧಾರಾಳವಾಗಿ ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಹೆಂಗಸು ನಗುತ್ತಾಳೆ, ಕೈ ಚಾಚುತ್ತಾಳೆ, ಮೂಲೆಯಲ್ಲೊಬ್ಬ ಮುದುಕಿ ವ್ಯವಹಾರ ಕುದುರಿಸುತ್ತಾಳೆ. ಲೈಸ್ಟರ್ ಅದೆಲ್ಲ ತೆಗೆದುಹಾಕಿದ್ದಾಳೆ. 1975ರಲ್ಲಿ ಫ್ರಿಮಾ ಫಾಕ್ಸ್ ಹೋಫ್ರಿಕ್ಟರ್ ಎಂಬ ಕಲಾ ಇತಿಹಾಸಕಾರ್ತಿ ಈ ಚಿತ್ರದ ಬಗ್ಗೆ ಬರೆದು, ಇಲ್ಲಿನ ಹೆಂಗಸು ವ್ಯವಹಾರಕ್ಕೆ ಕೂತವಳಲ್ಲ, ಅವಳನ್ನು ಪೇಚಿಗೆ ಸಿಕ್ಕಿಸಲಾಗಿದೆ ಎಂದು ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಡಚ್ ಭಾಷೆಯಲ್ಲಿ ಹೊಲಿಯುವುದು ಅನ್ನುವ ಮಾತಿಗೆ ಒಂದು ಪೋಲಿ ಅರ್ಥವೂ ಇದೆ, ಆದ್ದರಿಂದ ಚಿತ್ರದಲ್ಲಿ ತಮಾಷೆಯೂ ಇರಬಹುದು ಅನ್ನುವವರಿದ್ದಾರೆ. ನನಗೆ ಆ ಎರಡನೆಯ ವಾದ ಅಷ್ಟು ಹಿಡಿಸುವುದಿಲ್ಲ. ತಮಾಷೆ ಮಾಡುವವರು ಆ ಬಗ್ಗಿಸಿದ ಕತ್ತಿಗೆ, ಬಿಗಿಹಿಡಿದ ಬಾಯಿಗೆ ಇಷ್ಟು ಹೊತ್ತು ಕೊಡುತ್ತಾರಾ?

ಮದುವೆಗೆ ಬರೋಣ. 1636ರಲ್ಲಿ ಅವಳು ಯಾನ್ ಮಿನ್ಸೆ ಮೋಲೆನಾರ್ ಎಂಬ ಕಲಾವಿದನನ್ನು ಮದುವೆಯಾದಳು. ಇಬ್ಬರೂ ಆಮ್‌ಸ್ಟರ್‌ಡ್ಯಾಮಿಗೆ ಹೋದರು, ಅಲ್ಲಿ ಗಿರಾಕಿಗಳು ಜಾಸ್ತಿ. ಐದು ಮಕ್ಕಳು ಹುಟ್ಟಿದವು, ದೊಡ್ಡವರಾದದ್ದು ಎರಡು. ಅವಳ ಸಹಿ ಇರುವ ಚಿತ್ರಗಳು ಹೆಚ್ಚಿನವು 1629ರಿಂದ 1635ರ ಒಳಗಿನವು. ಮದುವೆಯ ನಂತರ ಬೆರಳೆಣಿಕೆಯಷ್ಟು. 1643ರ ಒಂದು ಟುಲಿಪ್ ಪುಸ್ತಕಕ್ಕೆ ಅವಳು ಬರೆದ ಹೂಗಳಿವೆ. ಟುಲಿಪ್ ಗಡ್ಡೆಯ ಬೆಲೆ 1637ರಲ್ಲಿ ನೆಲಕಚ್ಚಿ ಹಾರ್ಲೆಮ್ ಸುತ್ತ ಎಷ್ಟೋ ಮಂದಿ ಕೈ ಸುಟ್ಟುಕೊಂಡಿದ್ದರೂ, ಹೂವಿನ ಚಂದಕ್ಕೆ ಗಿರಾಕಿ ಇದ್ದೇ ಇದ್ದರು. 1654ರ ಒಂದು ಹೂವಿನ ಚಿತ್ರವೂ ಸಿಕ್ಕಿದೆ. ಹಾಗಾಗಿ ಪೂರ್ತಿ ಬಿಟ್ಟೇಬಿಟ್ಟಳು ಅನ್ನುವ ಹಾಗಿಲ್ಲ. ಗಂಡ ಸಾಲ, ವ್ಯಾಜ್ಯ ಅಂತ ಓಡಾಡುವವನು, ವ್ಯವಹಾರದ ಕಾಗದಪತ್ರಗಳಲ್ಲಿ ಇವಳ ಕೈ ಕಾಣುತ್ತದೆ. ಗಂಡನ ಚಿತ್ರಶಾಲೆಯಲ್ಲಿ ಹೆಂಡತಿ ಮಾಡಿದ ಕೆಲಸಕ್ಕೆ ಬೇರೆ ಸಹಿ ಬೇಕಾಗಿಯೂ ಇರಲಿಲ್ಲ.

ಹೆಸರು ಅಳಿಸಿಹೋಗಲು ಯಾರೂ ಸಂಚು ಮಾಡಬೇಕಾಗಲಿಲ್ಲ. 1648ರಲ್ಲಿ ಕೂಡ, ಅಂದರೆ ಅವಳು ಬದುಕಿರುವಾಗಲೇ, ಹಾರ್ಲೆಮ್ ಬಗ್ಗೆ ಬರೆದ ಸ್ಕ್ರೇವೆಲ್ ಎಂಬ ವಿದ್ವಾಂಸ ಗಂಡಸರಿಗೆ ಸರಿಸಾಟಿಯಾಗುವ ಹೆಣ್ಣು ಕಲಾವಿದರು ನಮ್ಮಲ್ಲಿದ್ದಾರೆ, ಅವರಲ್ಲಿ ಮೇಲಾದವಳು ಇವಳು, ಕಲೆಯ ನಿಜವಾದ ಧ್ರುವ ನಕ್ಷತ್ರ ಅಂತ ಅವಳ ಹೆಸರಿನ ಮೇಲೇ ಪದಚಮತ್ಕಾರ ಮಾಡಿದ್ದ. ಊರಿಗೆ ಗೊತ್ತಿದ್ದ ಹೆಸರು ಅದು. 1660ರಲ್ಲಿ, ಐವತ್ತರ ವಯಸ್ಸಲ್ಲಿ, ಅವಳು ತೀರಿಕೊಂಡಳು. 1668ರಲ್ಲಿ ಗಂಡನೂ ಹೋದ. ಮನೆಯ ಸಾಮಾನಿನ ಪಟ್ಟಿ ಮಾಡಿದರು. ಅದರಲ್ಲಿ ಅವಳ ಚಿತ್ರಗಳಿದ್ದವು. ಪಟ್ಟಿ ಬರೆದವರು ಅವುಗಳ ಮುಂದೆ ಬರೆದದ್ದು ಮೋಲೆನಾರನ ಹೆಂಡತಿಯದ್ದು ಅಂತ.

ಅಷ್ಟೇ. ಬರೆದವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಕ್ಕಿಲ್ಲ, ಆ ಹೆಂಡತಿ ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ಒಂದು ತಲೆಮಾರು ಕಳೆಯಿತು, ಗೊತ್ತಿದ್ದವರು ಹೋದರು. ಮನೆಗಳಿಂದ ಹರಾಜಿಗೆ, ಹರಾಜಿನಿಂದ ಬೇರೆ ದೇಶಕ್ಕೆ ಹೋದ ಹಲಗೆಗಳ ಮೇಲೆ ಉಳಿದದ್ದು ಹೆಣೆದ ಎರಡಕ್ಷರ, ಒಂದು ನಕ್ಷತ್ರ.

ಇನ್ನೊಂದು ಕಡೆ ಹಾಲ್ಸ್ ಬೆಲೆ ಏರಿತು. ಅವನ ಕತೆಯೂ ಸುಖದ್ದೇನಲ್ಲ, ಕೊನೆಗಾಲದಲ್ಲಿ ಊರಿನವರು ಕೊಟ್ಟ ಪಿಂಚಣಿಯಲ್ಲಿ ಬದುಕಿದವನು, ಸತ್ತ ಮೇಲೆ ಬಹುಕಾಲ ಯಾರಿಗೂ ಬೇಡವಾಗಿದ್ದವನು. 1860ರ ದಶಕದಲ್ಲಿ ಫ್ರೆಂಚ್ ವಿಮರ್ಶಕರು ಅವನನ್ನು ಎತ್ತಿ ಹಿಡಿದರು. 1865ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅವನ ಒಂದು ಚಿತ್ರಕ್ಕೆ ಇಬ್ಬರು ಶ್ರೀಮಂತರು ಹಟಕ್ಕೆ ಬಿದ್ದು ಕೂಗಿ, ಅದು 51,000 ಫ್ರಾಂಕಿಗೆ ಹೋಯಿತು. ಅದರ ಮೇಲೆ ಕೇಳಬೇಕೇ? ನಗುವ ಮುಖ, ಚುರುಕು ಬ್ರಷ್ಷು, ಹಾರ್ಲೆಮ್ ಬಟ್ಟೆಬರೆ ಇರುವ ಯಾವ ಚಿತ್ರ ಸಿಕ್ಕರೂ ಹಾಲ್ಸ್ ಅಂದುಬಿಟ್ಟರೆ ವ್ಯಾಪಾರಿಗೆ ಲಾಭ. ಸಹಿ ಇಲ್ಲದಿದ್ದರೆ ಹಾಕಿದರಾಯಿತು. ಬೇರೆ ಸಹಿ ಇದ್ದರೆ ಮುಚ್ಚಿದರಾಯಿತು.

ಲಂಡನ್ ಕೇಸು ನಡೆದ ಅದೇ 1893ರಲ್ಲಿ ಡಚ್ ವಿದ್ವಾಂಸ ಕಾರ್ನೆಲಿಸ್ ಹಾಫ್‌ಸ್ಟೆಡೆ ದ ಗ್ರೂಟ್ ಒಂದು ಲೇಖನ ಬರೆದ. ಕೋರ್ಟಿನಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ ಅದರಲ್ಲಿತ್ತು. ಅಕ್ಷರ ಜೆ ಮತ್ತು ಎಲ್, ಪಕ್ಕದಲ್ಲಿ ನಕ್ಷತ್ರ. ಹಳೆಯ ಪುಸ್ತಕಗಳಲ್ಲಿ ಜೂಡಿತ್ ಲೈಸ್ಟರ್ ಎಂಬ ಹೆಸರು, ಅದಕ್ಕೆ ನಕ್ಷತ್ರ ಎಂಬ ಅರ್ಥ. ಎರಡೂ ಒಂದಕ್ಕೊಂದು ಕೂಡಿಬಂದವು. ಏಳು ಚಿತ್ರ ಅವಳವು ಅಂತ ಅವನು ಹೇಳಿದ, ಅವುಗಳಲ್ಲಿ ಆರರ ಮೇಲೆ ಅದೇ ಗುರುತು. ಹಾಲ್ಸ್ ಅಂತ ತೂಗುಹಾಕಿದ್ದ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡುವ ಕೆಲಸ ಅಲ್ಲಿಂದ ಶುರುವಾಯಿತು.

ಹೆಸರು ಸಿಕ್ಕ ಮೇಲೆ ಇನ್ನೊಂದು ತಮಾಷೆ. ಹಾಲ್ಸ್ ಅಂದುಕೊಂಡಾಗ ಯಾರಿಗೂ ಕಾಣದ ದೋಷಗಳು ಈಗ ಕಾಣತೊಡಗಿದವು. 20ನೇ ಶತಮಾನದ ಮಧ್ಯದಲ್ಲೂ, ಹಾಲ್ಸ್‌ನ ಬಿರುಸು ಇವಳಿಗೆ ಬರಲಿಲ್ಲ, ಇದು ಹೆಣ್ಣಿನ ಕೈಯ ದುರ್ಬಲತೆ ಅಂತ ಬರೆದವರಿದ್ದಾರೆ. ಅದೇ ಕೈಯ ಕೆಲಸವನ್ನು 4,500 ಪೌಂಡ್ ಕೊಟ್ಟು ಹಾಲ್ಸ್ ಅಂತ ಕೊಂಡಾಗ ಆ ದುರ್ಬಲತೆ ಎಲ್ಲಿ ಹೋಗಿತ್ತೋ.

ಚಿತ್ರಗಳಿಗೆ ಬೇರೆ ಥರದ ಪೆಟ್ಟೂ ಬಿದ್ದಿದೆ. ಫಿಲಡೆಲ್ಫಿಯಾದಲ್ಲಿ ಅವಳ ಒಂದು ಚಿತ್ರ ಇದೆ, ಇಬ್ಬರು ಯುವಕರು ಕುಡಿದು ಮಜಾ ಮಾಡುತ್ತಿರುವುದು. 1993ರಲ್ಲಿ ಅದನ್ನು ಶುಚಿ ಮಾಡಿದಾಗ ಇಬ್ಬರ ನಡುವೆ ಒಂದು ಅಸ್ಥಿಪಂಜರ ಹೊರಬಂತು! ಕೈಯಲ್ಲಿ ಮರಳು ಗಡಿಯಾರ. ಹೊತ್ತು ಮುಗೀತು ಕಣ್ರೋ ಅನ್ನುವ ಹಾಗೆ. ಅವಳು ಬರೆದದ್ದು ಅಸ್ಥಿಪಂಜರದ ಸಮೇತವೇ. ನಂತರದವರು ಯಾರೋ ಬಣ್ಣ ಬಳಿದು ಮುಚ್ಚಿದ್ದರು. ಊಟದ ಕೋಣೆಯಲ್ಲಿ ಅಸ್ಥಿಪಂಜರ ತೂಗುಹಾಕಲು ಕೊಳ್ಳುವವರು ಸಿಗುವುದು ಕಷ್ಟ ಅಂತ ಲೆಕ್ಕ ಹಾಕಿರಬೇಕು.

ಇನ್ನು ಅವಳ ಮುಖ. ಸುಮಾರು 1630ರ ಹೊತ್ತಿಗೆ ಅವಳು ತನ್ನದೇ ಚಿತ್ರ ಬರೆದುಕೊಂಡಳು. ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅಲ್ಲಿಗೆ ಬಂದದ್ದು 1949ರಲ್ಲಿ. ಫೋನಿನಲ್ಲಿ ದೊಡ್ಡದು ಮಾಡಿ ನೋಡಿ, ಚೆನ್ನಾಗಿ ಕಾಣುತ್ತದೆ. ಕುರ್ಚಿಯ ಮೇಲೆ ಮೊಳಕೈ ಊರಿ, ಕೆಲಸದ ನಡುವೆ ನಮ್ಮ ಕಡೆ ತಿರುಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ, ಏನೋ ಹೇಳಲು ಹೊರಟ ಹಾಗೆ. ಕತ್ತಿನ ಸುತ್ತ ಗಂಜಿ ಹಾಕಿದ ಭಾರೀ ಬಿಳಿ ಪಟ್ಟಿ, ತೋಳಿನ ಕೊನೆಗೆ ಲೇಸ್. ಎಣ್ಣೆಬಣ್ಣ ಮುಟ್ಟುವವರು ಯಾರಾದರೂ ಈ ಬಟ್ಟೆ ಹಾಕಿಕೊಳ್ಳುತ್ತಾರಾ? ಇದು ಕೆಲಸದ ಬಟ್ಟೆಯಲ್ಲ, ಗಿರಾಕಿಗೆ ತೋರಿಸುವ ಬಟ್ಟೆ. ಎಡಗೈಯಲ್ಲಿ ಪ್ಯಾಲೆಟ್, ಅಂದರೆ ಬಣ್ಣ ಕಲಸುವ ಹಲಗೆಯ ಜೊತೆ ಒಂದು ಹಿಡಿ ಬ್ರಷ್ಷು. ಹದಿನೆಂಟು ಅಂತ ಲೆಕ್ಕ. ನಾನೂ ಎಣಿಸಲು ಹೋಗಿ ಹದಿಮೂರಕ್ಕೆ ಕಣ್ಣು ಸೋತೆ.

ಈಸೆಲ್ ಮೇಲೆ, ಅಂದರೆ ಚಿತ್ರ ನಿಲ್ಲಿಸುವ ಚೌಕಟ್ಟಿನ ಮೇಲೆ, ಅರ್ಧ ಮುಗಿದ ಚಿತ್ರ, ನಗುವ ಪಿಟೀಲುಗಾರ. ಅವಳ ಬ್ರಷ್ಷಿನ ಹಿಡಿ ಅವನ ಕಡೆಗೇ ತೋರಿಸುತ್ತಿದೆ. ಮಾರುಕಟ್ಟೆಯಲ್ಲಿ ಓಡುತ್ತಿದ್ದ ಮಾಲು ಅದೇ. ಮ್ಯೂಸಿಯಂನವರು ಇನ್ಫ್ರಾರೆಡ್ ಹಾಕಿ ನೋಡಿದಾಗ ಆ ಪಿಟೀಲುಗಾರನ ಅಡಿಯಲ್ಲಿ ಬೇರೊಂದು ಮುಖ ಕಂಡಿತು. ಒಂದು ಹೆಣ್ಣಿನ ಮುಖ. ಮೊದಲು ಈಸೆಲ್ ಮೇಲೆ ಅದನ್ನೇ ಬರೆದಿದ್ದಳು, ಪ್ರಾಯಶಃ ತನ್ನದನ್ನೇ. ಆಮೇಲೆ ಮನಸ್ಸು ಬದಲಾಯಿಸಿ, ಅದರ ಮೇಲೆ ಪಿಟೀಲುಗಾರನನ್ನು ಬರೆದು, ಹಲ್ಲು ಕಾಣುವ ಹಾಗೆ ನಗಿಸಿ ಬಿಟ್ಟಿದ್ದಾಳೆ.